ಫಕೀಹ್ ಅಲ್ಲಾಲನ ಅರ್ಧ ವಚನ

ಸೆಫ್ರೂ ಪಟ್ಟಣದ ಧರ್ಮಪಂಡಿತ, ಫಕೀಹ್ ಅಲ್ಲಾಲನಿಗೆ ಇಡೀ ಕುರಾನ್ ಬಾಯಿಪಾಠವಾಗಿತ್ತು. ಆದರೆ ಶನಿವಾರ ಬಂತೆಂದರೆ ನೆನಪಿಗೆ ಬರುತ್ತಿದ್ದುದು ಅರ್ಧ ವಚನ ಮಾತ್ರ: 'ಗ್ರಂಥ ಪಡೆದವರ ಊಟ ನಿಮಗೆ ಹಲಾಲ್.'

ಗ್ರಂಥ ಪಡೆದವರೆಂದರೆ ಯಹೂದಿಗಳು, ಕ್ರೈಸ್ತರು. ಪಕ್ಕದ ಮನೆಯ ಶಿಮೋನ್ ಯಹೂದಿ, ಕುದುರೆಯ ಜೀನು ಹೊಲಿಯುವವನು. ಶನಿವಾರ ಅವರಿಗೆ ಸಬ್ಬತ್, ವಿಶ್ರಾಂತಿಯ ದಿನ. ಬೆಂಕಿ ಮುಟ್ಟುವಂತಿಲ್ಲ, ಬೀದಿಯಲ್ಲಿ ಭಾರ ಹೊರುವಂತಿಲ್ಲ. ಊರಿಗೆಲ್ಲ ಒಂದೇ ಆದ ದೊಡ್ಡ ಒಲೆಯಲ್ಲಿ ಶುಕ್ರವಾರದಿಂದ ಬೇಯುತ್ತಿದ್ದ ಅವರ ಗೋಧಿ, ಮಾಂಸದ ಮಡಕೆಯನ್ನು ಅಲ್ಲಾಲನೇ ಹೊತ್ತು ತಂದುಕೊಡುತ್ತಿದ್ದ. ಅವನ ಪಾಲಿನ ತಟ್ಟೆ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

"ಅದೇ ಅಧ್ಯಾಯದಲ್ಲಿ ಅವರ ಸ್ನೇಹ ಬೇಡ ಅಂತಾನೂ ಇದೆಯಲ್ರೀ," ಎಂದು ಹೆಂಡತಿ ತಾಮು ಚುಚ್ಚುತ್ತಿದ್ದಳು.

"ಅದು ತುಂಬಾ ಮುಂದೆ ಬರತ್ತೆ ಕಣೆ. ಅಷ್ಟರಲ್ಲಿ ತಿಂದು ಮುಗಿಸಿರ್ತೀನಿ."

ಒಂದು ಶನಿವಾರ ಅವನು ಬೆರಳು ನೆಕ್ಕುತ್ತಿದ್ದಾಗ ಮಗ ಮೀಮೂನ್ ಎದುರಿಗೆ ಬಂದು ಕುಳಿತ. "ಅಪ್ಪಾ, ಆ ವಚನದ ಉಳಿದರ್ಧ ಹೇಳು."

ಅಲ್ಲಾಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವರ ಶೀಲವಂತ ಹೆಣ್ಣುಮಕ್ಕಳನ್ನು ಮದುವೆಯಾಗಬಹುದು ಎಂಬುದೇ ಆ ಉಳಿದರ್ಧ.

"ಶಿಮೋನನ ಮಗಳು ಫ್ರೇಹಾ ಒಪ್ಪಿದಾಳೆ. ನೀನು ಹೋಗಿ ಕೇಳು. ಇಲ್ಲಾಂದ್ರೆ ಇಬ್ಬರೂ ಓಡಿಹೋಗ್ತೀವಿ."

"ತಿನ್ನಿ, ಇನ್ನಷ್ಟು ತಿನ್ನಿ," ಎಂದಳು ತಾಮು.

ಗ್ರಂಥವೇ ಒಪ್ಪಿರುವಾಗ ಶಿಮೋನ್ ಒಪ್ಪದಿರುತ್ತಾನೆಯೇ ಎಂದುಕೊಂಡ ನಮ್ಮ ಫಕೀಹ್ ಮರುದಿನ ಬಿಳಿ ಜೆಲ್ಲಾಬಾ ನಿಲುವಂಗಿ ತೊಟ್ಟು, ಹೆಣ್ಣು ಕೇಳಲು ಒಯ್ಯುವ ಸಕ್ಕರೆಯ ಗೋಪುರ ಕಂಕುಳಲ್ಲಿಟ್ಟುಕೊಂಡು ಹೊರಟ. ಇಷ್ಟೆಲ್ಲ ಓದಿದವನ ತಲೆಗೆ ಅದಕ್ಕಿಂತ ಹೆಚ್ಚೇನೂ ಹೊಳೆಯಲಿಲ್ಲ.

ವಚನವನ್ನು ಪೂರ್ತಿ ಕೇಳಿದ ಶಿಮೋನ್ ಸೂಜಿಯನ್ನು ಕೆಳಗಿಟ್ಟ.

"ನಿಮ್ಮ ಗ್ರಂಥ ಒಪ್ಪತ್ತೆ, ಸರಿ. ನಮ್ಮದು ಏನನ್ನತ್ತೆ ಅಂತ ಯಾವತ್ತಾದ್ರೂ ಕೇಳಿದ್ಯೇನೋ ಅಲ್ಲಾಲ್?"

ಅಲ್ಲಾಲ್ ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ.

"ಕಾಜಿ ನಿನ್ನ ಕಡೆ, ಊರಾಳೋ ಪಾಷಾ ನಿನ್ನ ಕಡೆ. ನಾನೇನು ತಡೀಲಿ? ಅವಳು ಹೊಸಿಲು ದಾಟಿದ ದಿನ ನಾವು ಅವಳು ಸತ್ತಳು ಅಂದ್ಕೊಂಡು ಏಳು ದಿನ ನೆಲದ ಮೇಲೆ ಕೂತು ಅಳ್ತೀವಿ. ನೀನೂ ಬಾ. ನಮ್ಮಪ್ಪ ಸತ್ತಾಗ ಬೇಯಿಸಿದ ಮೊಟ್ಟೆ ತಂದಿದ್ದೆಯಲ್ಲ, ಹಾಗೇ ತಗೊಂಡು ಬಾ."

ಅಲ್ಲಾಲನಿಗೆ ನಾಚಿಕೆಯಾಯಿತು. ಬಾಯಲ್ಲಿ ಆರು ಸಾವಿರ ವಚನಗಳಿದ್ದವು. ಶಿಮೋನನ ಮುಖ ನೋಡಿ ಹೇಳಬಹುದಾದದ್ದು ಒಂದೂ ಇರಲಿಲ್ಲ. ಸಕ್ಕರೆಯನ್ನು ಅಲ್ಲೇ ಮರೆತು ಎದ್ದು ಬಂದ.

ಬಾಗಿಲಲ್ಲೇ ಕಾಯುತ್ತಿದ್ದ ಮೀಮೂನ್ ಕೇಳಿದ, "ಏನಂದ್ರು? ಗ್ರಂಥದಲ್ಲಿ ಇದೆ ಅಂತ ಹೇಳಿದ್ಯಾ?"

"ಹೇಳ್ದೆ. ಗ್ರಂಥ ನಿನಗೆ ಬೇಡ ಅಂದಿಲ್ಲ ಮಗನೇ," ಎಂದ ಅಲ್ಲಾಲ್. "ಬೇಡ ಅಂತಿರೋದು ನಾನು."