ನನ್ನ ಲಿವರಿನ ಗುಮಾಸ್ತ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಅಕ್ಕಿರೊಟ್ಟಿ ತಟ್ಟುವ ಹೊತ್ತಿಗೆ ನಾನು, ಯಜಮಾನರು, ಮಗಳು ಮೂವರೂ ಸೀನಿದೆವು. ನೆಗಡಿಯಲ್ಲಿ ನಮ್ಮದು ಒಗ್ಗಟ್ಟಿನ ಸಂಸಾರ. ಒಡಕು ಬರುವುದು ಮಾತ್ರೆಯಲ್ಲಿ.

ನಮ್ಮ ಯಜಮಾನರು ನೆಗಡಿ ಮಾತ್ರೆ ನುಂಗಿ, ಸಂಜೆಯವರೆಗೆ ಕೊಬ್ಬರಿ ಮಂಡಿಯಲ್ಲಿ ವ್ಯಾಪಾರ ಕುದುರಿಸಬಲ್ಲರು. ರಾತ್ರಿ ಸ್ಟ್ರಾಂಗ್ ಕಾಫಿ ಕುಡಿದರೆ ಲೋಟ ಕೆಳಗಿಡುವ ಮೊದಲೇ ಗೊರಕೆ. ನಾನೋ, ಸಂಜೆ ಎರಡು ಗುಟುಕು ಕಾಫಿ ಕುಡಿದರೂ ಅರಸೀಕೆರೆಗೆ ಬಂದುಹೋಗುವ ರೈಲುಗಳ ಸದ್ದನ್ನೆಲ್ಲ ಕೇಳುತ್ತ ಮಲಗಿರುತ್ತೇನೆ. ಅದೇ ಮಾತ್ರೆ ನುಂಗಿದರೆ ಮರುದಿನವೂ ಮಂಪರಿನಲ್ಲಿ ಸಕ್ಕರೆ ಡಬ್ಬಿಗೆ ಉಪ್ಪು ಸುರಿಯುತ್ತೇನೆ. ಅತ್ತೆಯವರು ‘ಮೈಗಳ್ಳಿ’ ಎಂಬ ಬಿರುದು ಕೊಟ್ಟದ್ದು ಆಗಲೇ.

ಹೆದರಿ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಿತ್ತು. ಡಾಕ್ಟರು ನಕ್ಕು, ಇದು ಕಾಯಿಲೆಯಲ್ಲ, ಹುಟ್ಟುಗುಣ ಎಂದರು. ಔಷಧಿಯನ್ನು ಒಡೆದು ಹೊರಗೆ ಸಾಗಿಸುವ ಕಿಣ್ವಗಳು ಲಿವರಿನಲ್ಲಿರುತ್ತವಂತೆ. ಅವುಗಳ ಚುರುಕು ಅಪ್ಪನಿಂದೊಂದು ಪಾಲು, ಅಮ್ಮನಿಂದೊಂದು ಪಾಲು ಬರುತ್ತದಂತೆ. ನನಗೆ ತಾಲ್ಲೂಕು ಕಚೇರಿ ಕಣ್ಣಿಗೆ ಕಟ್ಟಿತು. ಯಜಮಾನರ ಲಿವರಿನ ಗುಮಾಸ್ತ ಅರ್ಜಿ ಬಂದ ಕೂಡಲೇ ಸೀಲು ಒತ್ತುತ್ತಾನೆ. ನನ್ನವನು ಕನ್ನಡಕ ಒರೆಸಿಕೊಂಡು, ನಾಳೆ ಬನ್ನಿ ಎನ್ನುತ್ತಾನೆ. ಸಸ್ಪೆಂಡ್ ಮಾಡೋಣವೆಂದರೆ ವಂಶಪಾರಂಪರ್ಯದ ಹುದ್ದೆ.

ಇವತ್ತು ಬೇಲೂರಿನಲ್ಲಿ ಮಗಳು ನಿಧಿಯ ಭಾಷಣ ಸ್ಪರ್ಧೆ. ವಿಷಯ, ‘ಗೃಹಿಣಿಗೆ ವಿಶ್ರಾಂತಿ ಯಾವಾಗ?’ ಬಾಗಿಲು ಹಾಕಿಕೊಂಡೇ ಅಭ್ಯಾಸ ಮಾಡಿದ್ದಳು. “ಕೊನೇಲಿ ನಿನ್ನ ವಿಷಯ ಇದೆಯಮ್ಮ, ಅಲ್ಲೇ ಕೇಳು” ಎಂದಿದ್ದಳು. ಅದನ್ನು ಕೇಳಲು ವಾರದಿಂದ ಕಾದಿದ್ದೆ.

ನಿನ್ನೆ ಡಾಕ್ಟರು ಅವಳಿಗೂ ಅದೇ ಮಾತ್ರೆ ಬರೆದಿದ್ದರು. ನನ್ನ ಮೂಗು ಪಡೆದವಳು ನನ್ನ ಗುಮಾಸ್ತನನ್ನೂ ಪಡೆದಿದ್ದರೆ ಎಂದು ನಾನು ಅಡ್ಡ ನಿಂತೆ.

“ಸುಮ್ನಿರೇ, ಅವಳಿಗೆ ನಮ್ಮ ಕಡೆ ಲಿವರ್ ಬಂದೈತೆ” ಎಂದರು ಯಜಮಾನರು, ಆಸ್ತಿ ಪಾಲು ಮಾಡುವವರಂತೆ.

ಅವಳು ನುಂಗಿದಳು. ಭಾಷಣದ ನಡುವೆ ಸೀನಬಾರದಲ್ಲ ಎಂದು ನಾನೂ ಅರ್ಧ ನುಂಗಿದೆ. ಅರ್ಧ ತಾನೇ!

ಬಸ್ಸು ಜಾವಗಲ್ಲಿಗೆ ಬಂದದ್ದು ನೆನಪಿದೆ. ಹಳೇಬೀಡು ಬಂದುಹೋದದ್ದು ಮಗಳು ಹೇಳಿ ಗೊತ್ತಾಯಿತು. ಸಭಾಂಗಣದಲ್ಲಿ ಮೊದಲ ಸಾಲಿನಲ್ಲೇ ಕೂತು ತೊಡೆ ಚಿವುಟಿಕೊಂಡೆ. ನಿಧಿ ಮೈಕಿನ ಮುಂದೆ ಬಂದು “ಮಾನ್ಯರೇ” ಎಂದಳು. ಆಮೇಲೆ ನನಗೆ ಕೇಳಿಸಿದ್ದು ಚಪ್ಪಾಳೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ನೆಟ್ಟನೆಯ ಬೆನ್ನು ನಿದ್ದೆಯಲ್ಲೂ ಬಾಗಿರಲಿಲ್ಲ, ಮಾನ ಉಳಿಯಿತು. ಅವಳಿಗೆ ಎರಡನೇ ಬಹುಮಾನ ಬಂತು. ಅಪ್ಪನ ಗುಮಾಸ್ತ ಗೆದ್ದಿದ್ದ.

“ಕೊನೇದು ಹೇಗಿತ್ತಮ್ಮ?” ಎಂದಳು.

“ತುಂಬ ಚೆನ್ನಾಗಿತ್ತು ಕಣೇ” ಎಂದೆ. ಅವಳ ಮುಖ ಅರಳಿತು. ನಾನು ಬಸ್ಸಿನ ಕಡೆ ನಡೆದೆ.

ಸಂಜೆ ಪಕ್ಕದ ಮನೆಯ ಗಿರಿಜಕ್ಕ ಮೊಸರಿನ ಹೆಪ್ಪಿಗೆ ಬಂದರು. ಯಾರೋ ತೆಗೆದ ನಿಧಿಯ ಭಾಷಣದ ವಿಡಿಯೋ ಅವರ ಫೋನಿಗೆ ಬಂದಿತ್ತಂತೆ. ಬಟ್ಟಲು ತೆಗೆದುಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ಹೇಳಿದರು:

“ಎಲ್ಲ ಅಮ್ಮಂದ್ರೂ ಮೊಬೈಲ್ ಎತ್ತಿ ಹಿಡ್ಕಂಡಿದ್ರು ಕಣ್ರೀ. ನೀವೊಬ್ರೇ ಕಣ್ಮುಚ್ಕೊಂಡು ಎಷ್ಟು ಮನಸ್ಸಿಟ್ಟು ಕೇಳ್ತಿದ್ರಿ. ಎಲ್ಲಾ ಕೇಳಿರ್ತೀರಲ್ಲ, ಇನ್ನು ನಿಮಗ್ಯಾಕೆ ಅಂತ ಆ ವಿಡಿಯೋ ಕಳಿಸ್ಲಿಲ್ಲ.”