ಗುಂಡುಸೂಜಿ ಚುಚ್ಚದ ರಸ್ತೆ

ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅನ್ನುವ ಗಾದೆಯಿಂದಲೇ ನಾನು ಪ್ರತಿ ವರ್ಷ ಪಾಠ ಶುರುಮಾಡುತ್ತಿದ್ದೆ. ಜಯನಗರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು ನಾನು. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅನ್ನಬೇಡಿ, ಕಾಗೆ ಕೂತೂ ಟೊಂಗೆ ಮುರಿಯದ ಮರಗಳೆಷ್ಟು ಅನ್ನುವುದನ್ನೂ ಎಣಿಸಿ ಎಂದರೆ ಮಕ್ಕಳು ನಗುತ್ತಿದ್ದರು. ನಿವೃತ್ತಿಯಾಗಿ ವರ್ಷಗಳಾದವು. ಈಗ ಆ ಗಾದೆ ಯಾರ ಬಾಯಲ್ಲಿ ಕೇಳಿದರೂ ನನಗೆ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಕಡೆ ಸರಗಳ್ಳರ ಹಾವಳಿ ವಿಪರೀತವಾಗಿತ್ತು. ಬೈಕಿನಲ್ಲಿ ಇಬ್ಬರು ಬರುತ್ತಿದ್ದರು. ಒಬ್ಬ ಓಡಿಸುವವ, ಹಿಂದೆ ಕೂತವ ಕತ್ತಿನ ಸರಕ್ಕೆ ಕೈ ಹಾಕುವವ. ರಂಗೋಲಿ ಬಿಡುವ ಹೊತ್ತು, ಹಾಲು ತರುವ ಹೊತ್ತು, ಹೂವಿನ ಬುಟ್ಟಿ ಹಿಡಿದು ದೇವಸ್ಥಾನಕ್ಕೆ ಹೋಗುವ ಹೊತ್ತು, ಅಂದರೆ ಹೆಂಗಸರ ಎರಡೂ ಕೈ ಕೆಲಸದಲ್ಲಿರುವ ಹೊತ್ತನ್ನೇ ಕಾದು ಬರುತ್ತಿದ್ದರು. ಆಗ ನಮ್ಮ ಭಾಗಕ್ಕೆ ಹೊಸದಾಗಿ ಬಂದ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಓದಿಕೊಂಡ ಮನುಷ್ಯ. ಲಾಠಿ ಎತ್ತುವ ಮೊದಲು ಲೆಕ್ಕ ನೋಡಬೇಕು, ಕಳ್ಳತನ ಎಲ್ಲಿ, ಯಾವ ಹೊತ್ತಿನಲ್ಲಿ ಆಗುತ್ತದೆಂದು ತಿಳಿದರೆ ಗಸ್ತನ್ನು ಅಲ್ಲಿಗೇ ಹಾಕಬಹುದು ಅನ್ನುವುದು ಅವರ ವಾದ. ಕಾಲೇಜಿಗೆ ಬಂದು ನನ್ನ ಸಹಾಯ ಕೇಳಿದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಕಪ್ಪುಹಲಗೆಯ ಮೇಲೆ ಬರೀ ದಾಳ ಎಸೆದು, ಚೀಲದಿಂದ ಬಣ್ಣದ ಚೆಂಡು ತೆಗೆದು ನನಗೆ ಸಾಕಾಗಿತ್ತು. ನನ್ನ ವಿದ್ಯೆಯೂ ಒಂದು ಸಲ ಬೀದಿಗೆ ಇಳಿಯಲಿ ಅನಿಸಿತು.

ಅವರ ಕಚೇರಿಯ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ಅಂಟಿಸಿದೆವು. ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನ ಅಂಗಡಿಯಿಂದ ಬಣ್ಣದ ತಲೆಯ ಗುಂಡುಸೂಜಿ ತಂದೆವು. ಸರಗಳ್ಳತನಕ್ಕೆ ಕೆಂಪು, ಮನೆಗಳ್ಳತನಕ್ಕೆ ನೀಲಿ, ಗಾಡಿ ಕಳವಿಗೆ ಹಸಿರು. ಠಾಣೆಗಳಿಂದ ಬಂದ ದೂರುಗಳನ್ನು ನೋಡಿ ಒಂದೊಂದಾಗಿ ಚುಚ್ಚುತ್ತಾ ಹೋದರೆ ಕೆಂಪು ಸೂಜಿಗಳು ಕೆಲವು ಕಡೆ ಗುಂಪುಗೂಡಿದವು. ಹೆಚ್ಚಿನವು ರಿಂಗ್ ರೋಡಿಗೆ ಸೇರುವ ಅಡ್ಡರಸ್ತೆಗಳಲ್ಲಿ, ಅದೂ ಬೆಳಗಿನ ಹೊತ್ತು. ಕಿತ್ತುಕೊಂಡವನು ಕಣ್ಣು ಮಿಟುಕಿಸುವಷ್ಟರಲ್ಲಿ ದೊಡ್ಡ ರಸ್ತೆ ಸೇರಿಬಿಡಬಹುದು. ಅಲ್ಲಿಗೇ ಗಸ್ತು ಹಾಕಿಸಿದರು. ಎರಡು ಜೋಡಿ ಕಳ್ಳರು ಸಿಕ್ಕರು. ಅಧಿಕಾರಿ ನನಗೂ ನನ್ನ ವಿದ್ಯಾರ್ಥಿಗಳಿಗೂ ಮೈಸೂರುಪಾಕು ತರಿಸಿಕೊಟ್ಟರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತಿಂಗಳ ಕೊನೆಗೆ ಅವರು ಎಲ್ಲ ಇನ್‌ಸ್ಪೆಕ್ಟರುಗಳನ್ನೂ ಆ ನಕ್ಷೆಯ ಮುಂದೆ ಕೂರಿಸತೊಡಗಿದರು. ಯಾವ ಠಾಣೆಯ ಮೇಲೆ ಕೆಂಪು ಹೆಚ್ಚೋ ಆ ಇನ್‌ಸ್ಪೆಕ್ಟರಿಗೆ ಎಲ್ಲರೆದುರು ಮಂಗಳಾರತಿ. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಕೆಂಪು ಸೂಜಿಗಳು ಮಾಯವಾಗತೊಡಗಿದವು. ಪೇಪರಿನವರು ಬಂದು ಫೋಟೋ ತೆಗೆದುಕೊಂಡು ಹೋದರು.

"ಸಾರ್, ಇದು ದೂರುಗಳ ನಕ್ಷೆ. ಕಳ್ಳತನಗಳ ನಕ್ಷೆ ಅಲ್ಲ," ಅಂತ ನಾನು ಒಂದು ಸಲ ಹೇಳಿದೆ.

"ಎರಡೂ ಒಂದೇ ಅಲ್ವಾ ಮೇಡಂ? ಚಿನ್ನ ಕಳ್ಕೊಂಡೋರು ಮನೇಲಿ ಸುಮ್ನೆ ಕೂರ್ತಾರಾ?" ಅಂದರು.

ಕೂರುತ್ತಾರೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ನನಗೂ ಸರಿಯಾಗಿ ಗೊತ್ತಾದದ್ದು ಅಕ್ಕನ ಮನೆಯಲ್ಲಿ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ನನಗೆ ಜಡೆ ಹೆಣೆದವಳು, ಬೈದವಳು, ಇವಳನ್ನು ಕಾಲೇಜಿಗೆ ಸೇರಿಸಿ ಅಂತ ಅಪ್ಪನ ಹತ್ತಿರ ಜಗಳವಾಡಿದವಳು ಎಲ್ಲ ಅವಳೇ. ಪದ್ಮನಾಭನಗರದ ಒಂದು ಅಡ್ಡರಸ್ತೆಯಲ್ಲಿ ಅವಳ ಮನೆ. ಅವಳು, ಭಾವ, ಭಾವನ ತಾಯಿ, ಇಷ್ಟೇ ಜನ. ಮಕ್ಕಳಾಗಲಿಲ್ಲ. ನಾನು ಮದುವೆಯಾಗದೆ ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದದ್ದರಿಂದ ಭಾನುವಾರದ ಊಟ ಅಲ್ಲೇ ಆಗುತ್ತಿತ್ತು.

ಆ ಭಾನುವಾರ ಹೋದಾಗ ಭಾವ ನಡುಮನೆಯಲ್ಲಿ ಕೂತು ಆಸ್ಪತ್ರೆಯ ಎಕ್ಸ್‌ರೇಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಕ್ಕ ಸೆಕೆಯಲ್ಲೂ ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಓಡಾಡುತ್ತಿದ್ದಳು. ಅಡುಗೆಮನೆಯಲ್ಲಿ ನಾನು ಸೆರಗು ಎಳೆದು ನೋಡಿದೆ. ಕತ್ತಿನ ಸುತ್ತ ಕೆಂಪು ಬಾಸುಂಡೆ, ಹಿಂಭಾಗದಲ್ಲಿ ಚರ್ಮ ಕಿತ್ತುಬಂದಿತ್ತು. ತಾಳಿ ಇದ್ದ ಜಾಗದಲ್ಲಿ ಹಳದಿ ದಾರಕ್ಕೆ ಕಟ್ಟಿದ ಒಂದು ಅರಿಶಿನದ ಕೊಂಬು.

ತಾಳಿ ಕಳೆದುಹೋದರೆ ಕತ್ತು ಬರಿದಾಗಿರಬಾರದು ಅಂತ ನಿಂತ ಕಾಲಲ್ಲೇ ಅರಿಶಿನದ ಕೊಂಬು ಕಟ್ಟುವುದು ನಮ್ಮಲ್ಲಿ ಪದ್ಧತಿ. ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಬಗ್ಗಿ ರಂಗೋಲಿ ಬಿಡುತ್ತಿದ್ದಾಗ ಬೈಕಿನವರು ಕಿತ್ತುಕೊಂಡು ಹೋಗಿದ್ದರಂತೆ. ಇವಳು ಕೂಗುವ ಮೊದಲೇ ಅತ್ತೆ ಬಂದು ಬಾಯಿ ಮುಚ್ಚಿ ಒಳಗೆ ಕರೆದುಕೊಂಡು ಹೋಗಿ ದಾರ ಕಟ್ಟಿಬಿಟ್ಟಿದ್ದರು. ಭಾವನಿಗೆ, ಕೊಂಡಿ ಸವೆದಿತ್ತು, ಅಕ್ಕಸಾಲಿಗನ ಹತ್ತಿರ ಕೊಟ್ಟಿದೆ ಅಂತ ಹೇಳಿದ್ದಾಯಿತು.

"ನಡಿ, ಕಂಪ್ಲೇಂಟ್ ಕೊಡೋಣ," ಅಂದೆ.

"ಸುಮ್ನಿರು. ಅವರ ಆಪರೇಷನ್ ಮುಗೀಲಿ. ಇಂಥ ಸಮಯದಲ್ಲಿ ತಾಳಿ ಹೋಯ್ತು ಅಂದ್ರೆ ಅವರ ಎದೆ ಒಡೆದುಹೋಗುತ್ತೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನನ್ನು ನೋಡಿದರು. "ನಿನ್ನ ಪೊಲೀಸ್ನೋರ ಸಾವಾಸ ನಿನಗಿರ್ಲಿ ಕಣಮ್ಮ. ನಮ್ಮನೆ ಗುಟ್ಟು ನಮ್ಮನೇಲೇ ಇರ್ಲಿ."

ಕೋಪ ನನಗೆ ಮೂಗಿನ ತುದಿಯಲ್ಲಿ. ಮಾರನೆಯ ದಿನ ಒಬ್ಬಳೇ ಠಾಣೆಗೆ ಹೋದೆ. ಸಬ್ ಇನ್‌ಸ್ಪೆಕ್ಟರಿಗೆ ನನ್ನ ಪರಿಚಯವಿತ್ತು, ಕಾಫಿ ತರಿಸಿದ. ಕತೆಯೆಲ್ಲ ಕೇಳಿ ದನಿ ತಗ್ಗಿಸಿದ. "ಮೇಡಂ, ನಿಮ್ಮಕ್ಕ ಬರಬೇಕು. ಬಂದ್ರೂ, ಎಲ್ಲೋ ಬಿದ್ದುಹೋಯ್ತು ಅಂತ ಬರ್ಕೊಡೋಕೆ ಹೇಳಿ. ಕಿತ್ಕೊಂಡು ಹೋದ್ರು ಅಂದ್ರೆ ನಮ್ಮ ಇನ್‌ಸ್ಪೆಕ್ಟರ್ ತಲೆ ಮೇಲೆ ಒಂದು ಸೂಜಿ ಬೀಳುತ್ತೆ. ನಿಮಗೇ ಗೊತ್ತಲ್ಲ, ನಕ್ಷೆ ಮಾಡಿದೋರು ನೀವೇ." ಮನೆಯಲ್ಲಿ ಮರ್ಯಾದೆಗೆ ಹೆದರಿ ಮುಚ್ಚಿಟ್ಟರು, ಇಲ್ಲಿ ಮಂಗಳಾರತಿಗೆ ಹೆದರಿ. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಭಾವ ಆಪರೇಷನ್ನಿನಿಂದ ಏಳಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು, ಸಕ್ಕರೆ ಕಾಯಿಲೆ ಹಳೆಯದು, ಹೃದಯ ತುಂಬಾ ದುರ್ಬಲವಾಗಿದೆ, ಕಷ್ಟವಿದೆ ಅಂತ. ಆ ಮಾತು ಆಮೇಲೆ ಯಾರಿಗೂ ನೆನಪಿರಲಿಲ್ಲ. ಹತ್ತನೆಯ ದಿನ ಅಕ್ಕನ ಕತ್ತಿನಿಂದ ತೆಗೆಯುವುದಕ್ಕೆ ತಾಳಿಯೇ ಇರಲಿಲ್ಲ. ಅರಿಶಿನದ ಕೊಂಬನ್ನು ಕಂಡು ಸುತ್ತ ಕೂತ ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಅತ್ತೆ ಎಲ್ಲರೆದುರು ಹೇಳಿಬಿಟ್ಟರು: "ತಾಳಿ ಹೋದ ದಿನವೇ ನನ್ನ ಮಗನ ಆಯಸ್ಸೂ ಹೋಯ್ತು. ಇವಳು ಭದ್ರವಾಗಿ ಇಟ್ಕೊಂಡಿದ್ರೆ ಉಳೀತಿದ್ದ."

ಊರ ಬಾಯಿಗೆ ಅಷ್ಟು ಸಾಕಾಯಿತು. ಬಂದವರೆಲ್ಲ ಅದನ್ನೇ ಹೇಳಿಕೊಂಡು ಹೋದರು. ಅವತ್ತಿನಿಂದ ಅತ್ತೆ ಅಕ್ಕನ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳಲಿಲ್ಲ. ಕೆಲಸದವಳು ಕೊಟ್ಟರೆ ಕುಡಿಯುವರು, ಇಲ್ಲವಾದರೆ ಬಾಯಿ ಒಣಗಿಸಿಕೊಂಡು ಮಲಗಿರುವರು. ಅಕ್ಕ ಸೋಲಲಿಲ್ಲ. ಪ್ರತಿ ಸಲವೂ ಲೋಟ ಹಿಡಿದು ಹೋಗಿ ಅವರ ಮುಂದೆ ನಿಲ್ಲುತ್ತಿದ್ದಳು, ಅವರು ಗೋಡೆಯ ಕಡೆ ತಿರುಗಿದ ಮೇಲೆ ವಾಪಸು ತರುತ್ತಿದ್ದಳು.

"ನನ್ನ ಮನೆಗೆ ಬಂದುಬಿಡು," ಅಂದೆ.

"ಬಂದ್ರೆ ಒಪ್ಕೊಂಡ ಹಾಗಾಗುತ್ತೆ ಕಣೇ. ನಾನೇನು ಮಾಡ್ದೆ ಹೇಳು? ಕಳ್ಳ ಕಿತ್ಕೊಂಡು ಹೋದ. ನಾನಾಗೇ ಬಿಚ್ಚಿ ಕೊಟ್ನಾ?"

ಆ ಮಾತು ಅವಳ ಬಾಯಲ್ಲಿ ಇರುವಷ್ಟು ದಿನ ನನಗೆ ಧೈರ್ಯವಿತ್ತು. ಆದರೆ ದಿನವೂ ತಲೆಯ ಮೇಲೆ ಬೀಳುವ ಮಾತಿಗೆ ಎಂಥವರೂ ಒಂದು ದಿನ ತಲೆ ಬಾಗಿಸುತ್ತಾರೆ. ಅವಳೂ ಅದನ್ನು ನಂಬಿಬಿಡುವ ಮೊದಲು ನಾನು ಏನಾದರೂ ತೋರಿಸಬೇಕಿತ್ತು. ತೋರಿಸುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ವಿದ್ಯೆ. ಅದೇ ರಸ್ತೆಯಲ್ಲಿ ತಾಳಿ ಕಳೆದುಕೊಂಡೂ ಗಂಡ ಬದುಕಿರುವ ಹೆಂಗಸರು ಇರಲೇಬೇಕು. ಅಂಥವರು ನಾಲ್ಕು ಜನ ಅತ್ತೆಯ ಮುಂದೆ ಬಂದು ಕೂತರೆ ಸಾಕಿತ್ತು.

ನಕ್ಷೆಯಲ್ಲಿ ಆ ರಸ್ತೆ ಖಾಲಿ. ಹಾಗಾಗಿ ಕಾಲೇಜು ಮುಗಿದ ಮೇಲೆ ನಾನೇ ಮನೆಮನೆಗೆ ಹೋದೆ. "ನಮ್ಮನೇಲಿ ಏನೂ ಆಗಿಲ್ಲಪ್ಪ," ಅನ್ನುವುದು ಎಲ್ಲರ ಉತ್ತರ. ಹಾಗೆ ಅನ್ನುವಾಗ ಒಬ್ಬರ ಕೈ ತಾನಾಗಿ ಕತ್ತಿಗೆ ಹೋಗುತ್ತಿತ್ತು. ಇನ್ನೊಬ್ಬರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಒಬ್ಬ ಯಜಮಾನರಂತೂ ಹೆಂಡತಿ ಬಾಯಿ ತೆರೆಯುವ ಮೊದಲೇ, "ಆಯ್ತಲ್ಲಮ್ಮ, ಇನ್ನು ಹೊರಡಿ," ಅಂದು ಗೇಟು ಹಾಕಿಕೊಂಡರು.

ಕೊನೆಗೆ ಒಬ್ಬರು ಸಿಕ್ಕರು. ಅಕ್ಕನ ಮನೆಗೆ ಐದಾರು ಮನೆ ಆಚೆ, ಐವತ್ತರ ಆಸುಪಾಸಿನ ಹೆಂಗಸು. ಅಡುಗೆಮನೆಗೆ ಕರೆದುಕೊಂಡು ಹೋಗಿ, ನಡುಮನೆಯಲ್ಲಿದ್ದ ಗಂಡನಿಗೆ ಕೇಳದಂತೆ ನಲ್ಲಿ ಬಿಟ್ಟು ಮಾತಾಡಿದರು. ಅಕ್ಕನದು ಹೋಗುವುದಕ್ಕೆ ಸ್ವಲ್ಪ ಮುಂಚೆ ಅವರದೂ ಹೋಗಿತ್ತು, ಹಾಲು ತರುವಾಗ. ಎದುರು ಸಾಲಿನಲ್ಲಿ ಇನ್ನೂ ಇಬ್ಬರದು ಹೋಗಿದೆಯಂತೆ. ಎಲ್ಲರೂ ಗುಟ್ಟಾಗಿ ಹೊಸದು ಮಾಡಿಸಿಕೊಂಡಿದ್ದಾರೆ, ಎಲ್ಲರ ಗಂಡಂದಿರೂ ಓಡಾಡಿಕೊಂಡಿದ್ದಾರೆ. ನನಗೆ ಕಣ್ಣಲ್ಲಿ ನೀರು ಬಂತು.

"ಒಂದು ಸಲ ಬಂದು ಇದನ್ನೇ ನಮ್ಮಕ್ಕನ ಅತ್ತೆ ಹತ್ರ ಹೇಳ್ತೀರಾ?" ಅಂದೆ.

ಅವರು ನಲ್ಲಿ ನಿಲ್ಲಿಸಲಿಲ್ಲ. "ಹೇಗೆ ಹೇಳ್ಲಿ ಮೇಡಂ? ನಿಮ್ಮಕ್ಕಂಗೆ ಆಗಿದ್ದು ನೋಡಿದ ಮೇಲಂತೂ ನಮಗೆಲ್ಲ ಜೀವವೇ ಬಾಯಿಗೆ ಬಂದಿದೆ. ನಂದೂ ಹೋಗಿದೆ ಅಂತ ಗೊತ್ತಾದ್ರೆ ನಾಳೆ ನಮ್ಮವರಿಗೆ ಒಂದು ಕೆಮ್ಮು ಬಂದ್ರೂ ನನ್ನನ್ನೇ ನೋಡ್ತಾರೆ. ನನ್ನ ಹೆಸರು ಎಲ್ಲೂ ಹೇಳ್ಬೇಡಿ."

ಹೊರಗೆ ಬಂದು ಎರಡೂ ಸಾಲಿನ ಮನೆಗಳನ್ನು ನೋಡುತ್ತಾ ನಡೆದೆ. ಗಂಡ ಬದುಕಿದವರೆಲ್ಲ ಬಾಯಿ ಮುಚ್ಚಿಕೊಂಡಿದ್ದಾರೆ. ಗಂಡ ಸತ್ತವಳ ತಾಳಿ ಹೋದದ್ದು ಮಾತ್ರ ಊರಿಗೆ ಗೊತ್ತು. ಹಾಗಿದ್ದ ಮೇಲೆ ಜನ ನೋಡಿದ ಮಟ್ಟಿಗೆ ಕಾಗೆ ಕೂತಾಗಲೆಲ್ಲ ಟೊಂಗೆ ಮುರಿದೇ ಇದೆ. ಅಕ್ಕನನ್ನು ನೋಡಿ ಇವರು ಹೆದರುತ್ತಾರೆ, ಇವರು ಹೆದರಿದ್ದರಿಂದ ಅಕ್ಕ ಒಬ್ಬಳೇ ಉಳಿಯುತ್ತಾಳೆ. ಇದಕ್ಕೆ ನನ್ನ ಶಾಸ್ತ್ರದಲ್ಲಿ ಮದ್ದಿರಲಿಲ್ಲ.

ಅಧಿಕಾರಿಯ ಹತ್ತಿರ ಹೋದೆ. ಪದ್ಮನಾಭನಗರದ ರಸ್ತೆಗಳು ಈಗ ಶುದ್ಧವಾಗಿವೆ, ಬೆಳಗಿನ ಗಸ್ತನ್ನು ಅಲ್ಲಿಂದ ತೆಗೆದು ಬಿಟಿಎಂ ಕಡೆ ಹಾಕಿದ್ದೇವೆ ಅಂತ ಅವರು ಸಂತೋಷದಿಂದ ಹೇಳಿದರು. ನಾನು ಎಲ್ಲವನ್ನೂ ಹೇಳಿದೆ. ಕೆಟ್ಟ ಮನುಷ್ಯರಲ್ಲ ಅವರು, ಕೇಳಿ ಮುಖ ಬಾಡಿತು.

"ಆದ್ರೆ ಮೇಡಂ, ಎಫ್‌ಐಆರ್ ಇಲ್ದೆ ಸೂಜಿ ಹೇಗೆ ಚುಚ್ಚೋದು? ನಾಳೆ ಯಾರಾದ್ರೂ ಕೇಳಿದ್ರೆ ಏನು ತೋರಿಸ್ಲಿ?"

ನಾನು ಡಬ್ಬಿಯಿಂದ ಒಂದು ಕೆಂಪು ಸೂಜಿ ತೆಗೆದು ಅಕ್ಕನ ಮನೆ ಇರುವ ಜಾಗದಲ್ಲಿ ಚುಚ್ಚಿದೆ. ಅವರು ತಡೆಯಲಿಲ್ಲ. ಮುಂದಿನ ವಾರ ಹೋದಾಗ ಅಲ್ಲಿ ಸೂಜಿ ಇರಲಿಲ್ಲ. ಯಾರು ತೆಗೆದರೆಂದು ನಾನು ಕೇಳಲಿಲ್ಲ. ಮತ್ತೆ ಆ ಕಚೇರಿಗೆ ಹೋಗಲೂ ಇಲ್ಲ.

ಇನ್ನು ಉಳಿದದ್ದು ಅಕ್ಕನಿಗಾದರೂ ಹೇಳುವುದು. ಅತ್ತೆ ನಂಬದಿದ್ದರೆ ಹಾಳಾಗಿ ಹೋಗಲಿ, ಅಕ್ಕ ನಂಬಿದರೆ ಸಾಕು ಅಂದುಕೊಂಡೆ. ಅವರೆಕಾಯಿಯ ಕಾಲ. ಅಕ್ಕ ಅಡುಗೆಮನೆಯ ನೆಲದಲ್ಲಿ ಕೂತು ಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಸುಲಿಯುತ್ತಾ ಹೇಳಿದೆ. ಹೆಸರು ಹೇಳಲಿಲ್ಲ.

"ನಿಮ್ಮ ರಸ್ತೇಲೇ ಇನ್ನೂ ಮೂರು ಜನರದು ಹೋಗಿದೆ ಅಕ್ಕ. ಮುಚ್ಚಿಟ್ಟಿದ್ದಾರೆ ಅಷ್ಟೆ."

ಅವಳ ಕೈ ನಿಂತಿತು. "ಅವರ ಯಜಮಾನ್ರುಗಳು?"

"ಗುಂಡುಕಲ್ಲಿನ ಹಾಗಿದಾರೆ. ನಾನು ಹೋದ ಮನೇಲಿ ಅವರು ನಡುಮನೇಲಿ ಕೂತು ಪೇಪರ್ ಓದ್ತಿದ್ರು. ತಾಳಿ ಹೋಗಿದ್ದಕ್ಕೂ ಭಾವ ಹೋಗಿದ್ದಕ್ಕೂ ಸಂಬಂಧವೇ ಇಲ್ಲ. ಈಗಲಾದ್ರೂ ಗೊತ್ತಾಯ್ತಾ?"

ಅಕ್ಕ ಸುಲಿದ ಕಾಳುಗಳನ್ನು ಬೆರಳಿನಿಂದ ಸರಿಸುತ್ತಾ ಕೂತಳು. ನಾಟಿತು, ಗೆದ್ದೆ ಅಂದುಕೊಂಡೆ. ಆಮೇಲೆ ಅವಳು ಮತ್ತೆ ಕಾಯಿ ಕೈಗೆತ್ತಿಕೊಂಡಳು.

"ಪುಣ್ಯವಂತೆಯರು," ಅಂದಳು. "ನಾಲ್ಕು ಜನರದು ಹೋಯ್ತು, ಮೂರು ಜನರ ಗಂಡಂದ್ರು ಉಳ್ಕೊಂಡ್ರು. ಹಾಗಿದ್ರೆ ಅತ್ತೆ ಹೇಳೋದು ಸರಿ ಕಣೇ. ನನ್ನ ಕಾಲ್ಗುಣವೇ ಸರಿ ಇರ್ಲಿಲ್ಲ."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅತ್ತೆ, "ಯಾರಿದೀರಾ, ನೀರು," ಅಂತ ಕೂಗಿದರು. ಅಭ್ಯಾಸದಂತೆ ಅಕ್ಕ ಎದ್ದಳು, ಲೋಟ ತೆಗೆದುಕೊಂಡಳು, ನೀರು ತುಂಬಿಸಿದಳು. ಬಾಗಿಲ ತನಕ ಹೋದವಳು ವಾಪಸು ಬಂದು ಲೋಟವನ್ನು ನನ್ನ ಮುಂದೆ ಇಟ್ಟಳು.

"ನೀನೇ ಕೊಡು ಹೋಗು," ಅಂದಳು. "ನನ್ನ ಕೈಯಿಂದ ಬೇಡ."