ಟಿಕ್ಕಮ್ಮನ ಫೋನು ಯಾವ ವರ್ಷನ್?

ಸ್ವಿಚ್ ಫ್ಯಾಕ್ಟರಿಯ ನಾಲ್ಕನೇ ಟೇಬಲ್ಲಿನಲ್ಲಿ ಕೂತಿರುವ ಟಿಕ್ಕಮ್ಮನ ಬೆರಳನ್ನು ಒಮ್ಮೆ ನೋಡಬೇಕು, ನಿಜವಾಗಿಯೂ ನೋಡಲೇಬೇಕು! ಬಲಗೈಯ ತೋರುಬೆರಳು. ತುದಿ ಚಪ್ಪಟೆ, ಚರ್ಮ ಚಪ್ಪಲಿಯಷ್ಟು ಗಟ್ಟಿ. ಗೋಡೆಗೆ ಹಾಕುವ ಬಿಳೀ ಸ್ವಿಚ್ಚುಗಳು ಟ್ರೇಗಟ್ಟಲೆ ಅವಳ ಮುಂದೆ ಬಂದು ಕೂರುತ್ತವೆ. ಅವಳು ಒಂದೊಂದನ್ನೇ ಎತ್ತಿ, ಕಟ್ಟಿಗೆಯ ಅಚ್ಚಿಗೆ ಸಿಕ್ಕಿಸಿ, ಹತ್ತು ಸಲ ಒತ್ತುತ್ತಾಳೆ. ಒಂಬತ್ತೂ ಅಲ್ಲ, ಹನ್ನೊಂದೂ ಅಲ್ಲ. ಹತ್ತು ಟಿಕ್‌ಗಳಲ್ಲಿ ಒಂದೇ ಒಂದು ಮಂದವಾಗಿ ಕೇಳಿಸಿದರೂ ಆ ಸ್ವಿಚ್ಚು ಕೆಂಪು ಡಬ್ಬಿಗೆ. ಹನ್ನೊಂದು ವರ್ಷದಿಂದ ಇದೇ ಕೆಲಸ, ಇದೇ ಸ್ಟೂಲು. ಈಗ ಹಾಜರಿ ಪಟ್ಟಿಯೊಂದನ್ನು ಬಿಟ್ಟರೆ ಅವಳ ಸ್ವಂತ ಹೆಸರು ಇನ್ನೆಲ್ಲೂ ಉಳಿದಿಲ್ಲ. ಎಲ್ಲರಿಗೂ ಅವಳು ಟಿಕ್ಕಮ್ಮ.

ತೊಂದರೆ ಏನೆಂದರೆ, ಆ ಬೆರಳಿಗೆ ಫ್ಯಾಕ್ಟರಿ ಯಾವುದು ಮನೆ ಯಾವುದು ಎಂಬ ಭೇದವೇ ಇಲ್ಲ. ಪಕ್ಕದ ಮನೆಯ ಕಾಲಿಂಗ್ ಬೆಲ್ಲನ್ನು ಹತ್ತು ಸಲ ಒತ್ತಿದ್ದಕ್ಕೆ ಅವರು ಬೆಂಕಿ ಬಿದ್ದಿದೆಯೆಂದು ಒದ್ದೆ ತಲೆಯಲ್ಲಿ ಓಡಿಬಂದದ್ದುಂಟು. ಟಿವಿ ರಿಮೋಟು ಅವಳ ಕೈಗೆ ಸಿಕ್ಕಿದರೆ ಅತ್ತೆ ಹಣೆ ಚಚ್ಚಿಕೊಳ್ಳುತ್ತಾರೆ.

"ಮೂರನೇ ಚಾನೆಲ್ ಹಾಕು ಅಂದ್ರೆ ಮೂವತ್ತಕ್ಕೆ ಕರ್ಕೊಂಡು ಹೋಗ್ತೀಯಲ್ಲೇ! ಕೊಡಿಲ್ಲಿ, ನಿನ್ನ ಬೆರಳಿಗೊಂದು ಬ್ರೇಕ್ ಹಾಕಿಸ್ಬೇಕು."

ಆ ಮನೆಯಲ್ಲಿ ಇರುವುದು ಇವರಿಬ್ಬರೇ. ಗಂಡ ತೀರಿಕೊಂಡು ನಾಲ್ಕು ವರ್ಷ. ಅತ್ತೆ ಮಗಳ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. "ಅಲ್ಲಿ ಬೈಯೋಕೆ ಯಾರೂ ಇಲ್ಲ" ಎಂದು ಇಲ್ಲೇ ಉಳಿದುಬಿಟ್ಟರು. ಇಬ್ಬರ ಹೊಟ್ಟೆಯೂ ಟಿಕ್ಕಮ್ಮನ ಆ ಒಂದು ಬೆರಳಿನ ಮೇಲೆ ನಿಂತಿತ್ತು. ಅವಳಿಗೆ ಬೇರೆ ಕೆಲಸ ಬರುವುದಿಲ್ಲ, ಈ ವಯಸ್ಸಿನಲ್ಲಿ ಯಾರೂ ಕಲಿಸುವುದೂ ಇಲ್ಲ. ಅದಕ್ಕೇ ಫ್ಯಾಕ್ಟರಿಯ ನೋಟಿಸ್ ಬೋರ್ಡಿನ ಮೇಲೆ ಹೊಸ ಕಾಗದ ಕಂಡರೆ ಸಾಕು, ಅವಳ ಎದೆ ಧಸಕ್ಕೆನ್ನುತ್ತದೆ.

ಗುರುವಾರ ಬೆಳಗ್ಗೆ ಹೊಸ ಕಾಗದ ಇತ್ತು.

ಹಿಂದಿನ ತಿಂಗಳು ಪ್ಯಾಕಿಂಗಿನ ಒಬ್ಬ ಮನುಷ್ಯ ಮನೆಯಲ್ಲಿ ಆರಾಮಾಗಿ ಮಲಗಿಕೊಂಡೇ ಫೋನಿನ ಹಾಜರಿ ಆ್ಯಪಿನಲ್ಲಿ 'ಬಂದಿದ್ದೇನೆ' ಎಂದು ಹಾಕಿ ಸಿಕ್ಕಿಬಿದ್ದಿದ್ದ. ಅವತ್ತು ಆಫೀಸರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಗುಡುಗಿದ್ದರು: "ಫೋನನ್ನ ಡೆವಲಪರ್ ಮಾಡ್ಕೊಂಡು, ಜಾಗ ಸುಳ್ಳು ತೋರಿಸಿದಾನೆ. ಇಂಥೋರಿಗೆ ಇಲ್ಲಿ ಒಂದು ನಿಮಿಷಾನೂ ಜಾಗ ಇಲ್ಲ!" ಆ ಮನುಷ್ಯ ತನ್ನ ಟಿಫಿನ್ ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಗೇಟು ದಾಟಿ ಹೋದದ್ದನ್ನು ಟಿಕ್ಕಮ್ಮ ನೋಡಿದ್ದಳು. ಡೆವಲಪರ್ ಎಂದರೇನೋ ಅವಳಿಗೆ ಗೊತ್ತಿರಲಿಲ್ಲ. ಕಳ್ಳತನದ ಯಾವುದೋ ಹೊಸ ಹೆಸರೆಂದು ತಿಳಿದುಕೊಂಡಿದ್ದಳು.

ಈಗ ಹೊಸ ಆ್ಯಪ್ ಬಂದಿತ್ತು. ನಾಳೆಯಿಂದ ಅದರಲ್ಲೇ ಹಾಜರಿ. ಅದು ಆಂಡ್ರಾಯ್ಡ್ ಹತ್ತು ಅಥವಾ ಅದಕ್ಕಿಂತ ಹೊಸ ವರ್ಷನ್ ಇರುವ ಫೋನಿನಲ್ಲಿ ಮಾತ್ರ ನಡೆಯುತ್ತದೆ. ಊಟದ ಬಿಡುವಿನೊಳಗೆ ಎಲ್ಲರೂ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ತಮ್ಮ ಫೋನಿನ ವರ್ಷನ್ ಬರೆಯಬೇಕು. ಕೆಳಗೆ ದಪ್ಪ ಅಕ್ಷರದಲ್ಲಿ: ತಪ್ಪು ಬರೆದವರ ಮೇಲೆ ಕ್ರಮ.

ಟಿಕ್ಕಮ್ಮನ ಫೋನು ನಾದಿನಿ ಬಳಸಿ ಬಿಟ್ಟದ್ದು, ಒಂದು ಮೂಲೆ ಒಡೆದದ್ದು. ಕಾಲ್ ಬಂದರೆ ಎತ್ತಲು, ಬೆಳಗ್ಗೆ ಹಾಜರಿ ಹಾಕಲು ಅವಳಿಗೆ ಬರುತ್ತಿತ್ತು, ಅಷ್ಟೇ. ಅವಳು ಊಟದ ಹಾಲಿನಲ್ಲಿ ಪಕ್ಕದ ಟೇಬಲ್ಲಿನ ಕನ್ನಡಕದವಳ ಮೊಣಕೈ ಹಿಡಿದುಕೊಂಡಳು.

"ಏ, ನಂದು ಯಾವ ವರ್ಷನ್ನೇ?"

"ನಂಗೇನು ಗೊತ್ತು, ನಿನ್ನ ಫೋನು ನನ್ನ ಹೊಟ್ಟೇಲಿ ಹುಟ್ಟಿದ್ದಾ? ಸೆಟ್ಟಿಂಗ್ಸ್‌ಗೆ ಹೋಗು. ತಳದ ತನಕ ಇಳಿ. 'ಫೋನ್ ಕುರಿತು' ಅಂತ ಇರುತ್ತೆ. ಅದರೊಳಗೆ ನಂಬರ್ ಇರುತ್ತೆ, ನೋಡ್ಕೊಂಡು ಬರಿ."

"ನೀನೇ ನೋಡಿಕೊಡೇ."

"ಡಬ್ಬಿ ತೊಳೀಬೇಕು ತಾಯಿ, ನಲ್ಲಿ ಮುಂದೆ ಕ್ಯೂ ಬೆಳೀತಾ ಇದೆ. ಒಂದು ನಂಬರ್ ಓದೋಕೂ ನಾನು ಬರ್ಬೇಕಾ?"

ಟಿಕ್ಕಮ್ಮ ಒಬ್ಬಳೇ ಕೂತು ಇಳಿದಳು, ಇಳಿದಳು, ತಳಕ್ಕೆ ಬಂದಳು. ಫೋನ್ ಕುರಿತು. ತೆರೆದಳು. ಅಯ್ಯೋ ದೇವರೇ, ಒಂದು ನಂಬರ್ ಎಲ್ಲಿ! ಇಡೀ ಸಂತೆಯೇ ನೆರೆದಿತ್ತು. ಆಂಡ್ರಾಯ್ಡ್ ಆವೃತ್ತಿ 11 ಎಂದು ಒಂದು ಕಡೆ. ಅದರ ಕೆಳಗೆ ಭದ್ರತೆಯದ್ದು ಎಂದು ಒಂದು ತಾರೀಖು. ಕರ್ನಲ್ ಎಂಬುದರ ಆವೃತ್ತಿ 4, ಅದಕ್ಕೊಂದು ಚುಕ್ಕೆ, ಅದರ ಹಿಂದೆ ಉದ್ದನೆಯ ಬಾಲ. ಎಲ್ಲಕ್ಕಿಂತ ಕೆಳಗೆ ಬಿಲ್ಡ್ ಸಂಖ್ಯೆ, ಅದರಲ್ಲಿ ಅಕ್ಷರವೂ ಅಂಕಿಯೂ ಕಲಸಿಕೊಂಡಿದ್ದವು. ಹನ್ನೊಂದಾದರೆ ಬಚಾವ್. ನಾಲ್ಕಾದರೆ ಮುಗಿಯಿತು. ಆವೃತ್ತಿ ಎಂದು ಎರಡು ಕಡೆ ಇದೆಯಲ್ಲ, ಇದರಲ್ಲಿ ಯಾವುದು ಸರಿ? ತಪ್ಪು ಬರೆದರೆ ಕ್ರಮ!

ಸರಿ ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಟಿಕ್ಕಮ್ಮನಿಗೆ ಈ ಭೂಮಿಯ ಮೇಲೆ ಗೊತ್ತಿದ್ದದ್ದು ಒಂದೇ ದಾರಿ. ಅವಳು ಯೋಚಿಸಲಿಲ್ಲ, ಬೆರಳೇ ಹೊರಟಿತು. ತಾರೀಖಿನ ಮೇಲೆ ಹತ್ತು ಸಲ, ಏನೂ ಆಗಲಿಲ್ಲ. ಕರ್ನಲ್ ಮೇಲೆ ಹತ್ತು ಸಲ. ಅದೂ ಕಲ್ಲಿನ ಹಾಗೆ ಕೂತಿತ್ತು. ಬಿಲ್ಡ್ ಸಂಖ್ಯೆಯ ಮೇಲೆ ಒಂದು, ಎರಡು, ಮೂರು, ನಾಲ್ಕು. ಪರದೆಯ ಕೆಳಗಡೆ ಒಂದು ಸಣ್ಣ ಪಟ್ಟಿ ಹಾರಿಬಂತು: ಡೆವಲಪರ್ ಆಗಲು ನೀವು ಇನ್ನು ಮೂರು ಹೆಜ್ಜೆ ದೂರದಲ್ಲಿದ್ದೀರಿ.

ಕಣ್ಣು ಓದಿತು. ಎದೆಯೂ ಓದಿತು. ಆದರೆ ಬೆರಳಿಗೆ ಓದಲು ಬರುವುದಿಲ್ಲವಲ್ಲ! ಐದು. ಇನ್ನು ಎರಡು ಹೆಜ್ಜೆ. "ಬೇಡ ಬೇಡ ಬೇಡ" ಎಂದು ಟಿಕ್ಕಮ್ಮ ಬಾಯಿಬಿಟ್ಟೇ ಹೇಳಿದಳು. ಆರು, ಏಳು, ಎಂಟು, ಒಂಬತ್ತು, ಹತ್ತು.

ಈಗ ನೀವು ಡೆವಲಪರ್ ಆಗಿದ್ದೀರಿ!

ಊಟದ ಹಾಲಿನ ಗದ್ದಲವೆಲ್ಲ ಎಲ್ಲೋ ದೂರ ಹೋಯಿತು. ಟಿಫಿನ್ ಚೀಲ ಎತ್ತಿಕೊಂಡು ಗೇಟು ದಾಟಿದ ಆ ಪ್ಯಾಕಿಂಗ್ ಮನುಷ್ಯನ ಬೆನ್ನು ಮಾತ್ರ ಕಣ್ಣಮುಂದೆ ಬಂತು. ಡಬ್ಬಿ ತೊಳೆದು ಬಂದ ಕನ್ನಡಕದವಳು ಪರದೆಯತ್ತ ಬಗ್ಗುವ ಮೊದಲೇ ಅವಳು ಫೋನನ್ನು ಸೆರಗಿನೊಳಗೆ ತುರುಕಿದಳು.

"ಎಷ್ಟಂತೆ?"

"ಹ...ಹನ್ನೊಂದು ಇರ್ಬೇಕು."

"ಮತ್ಯಾಕೆ ಮುಖ ಸುಣ್ಣದ ಗೋಡೆ ಆಗಿದೆ? ಹನ್ನೊಂದಾದ್ರೆ ಪಾಸ್ ಕಣೆ ನೀನು!"

ಪಟ್ಟಿಯಲ್ಲಿ ಅವಳು ಹನ್ನೊಂದು ಎಂದು ಬರೆದಳು. ಮೂರು ಗಂಟೆಗೆ ಲೈನ್ ಮೇಡಂ, ಅಂದರೆ ಟೇಬಲ್ಲುಗಳ ಮೇಲ್ವಿಚಾರಣೆ ನೋಡುವ ಹೆಂಗಸು, ಒಬ್ಬೊಬ್ಬರ ಫೋನಿಗೂ ಹೊಸ ಆ್ಯಪ್ ಹಾಕುತ್ತಾ ಬಂದರು. ಎಲ್ಲರ ಫೋನಿನಲ್ಲೂ ಹಸಿರು. ಟಿಕ್ಕಮ್ಮನ ಫೋನಿನಲ್ಲಿ ಪರದೆಯ ತುಂಬ ಕೆಂಪು: ಈ ಫೋನಿನಲ್ಲಿ ಡೆವಲಪರ್ ಆಯ್ಕೆಗಳು ಆನ್ ಇವೆ. ವಿವರವನ್ನು ಆಡಳಿತಕ್ಕೆ ಕಳಿಸಲಾಗಿದೆ.

ಲೈನ್ ಮೇಡಂ ಫೋನು ನೋಡಿದರು, ಅವಳನ್ನು ನೋಡಿದರು, ಮತ್ತೆ ಫೋನು ನೋಡಿದರು.

"ನೀನಾ?" ಎಂದರು, ಬಹಳ ಮೆಲ್ಲಗೆ. "ನಾಳೆ ಒಂಬತ್ತಕ್ಕೆ ಆಫೀಸರ್ ರೂಮಿಗೆ ಬಾ."

ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡಳು. ಒತ್ತಿದ್ದರಿಂದ ಬಂದದ್ದು ಒತ್ತಿದರೆ ಹೋಗಬಹುದು, ಅಲ್ಲವೇ? ಮತ್ತೆ ಬಿಲ್ಡ್ ಸಂಖ್ಯೆಗೆ ಹೋದಳು, ಮತ್ತೆ ಹತ್ತು ಸಲ ಒತ್ತಿದಳು. ಫೋನು ಬಹಳ ಮರ್ಯಾದೆಯಿಂದ ಹೇಳಿತು: ಅಗತ್ಯವಿಲ್ಲ, ನೀವು ಈಗಾಗಲೇ ಡೆವಲಪರ್ ಆಗಿದ್ದೀರಿ. ಅವಳಿಗೆ ಅಳು ಬಂತು. ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತಳು.

ಹೊರಗಿನಿಂದ ಅತ್ತೆ ಬಾಗಿಲು ತಟ್ಟಿದರು. "ಒಳಗೆ ನೀರಿನ ಸದ್ದೇ ಇಲ್ಲ, ಏನು ಮಾಡ್ತಿದೀಯಾ? ಬಾಗಿಲು ತೆಗಿ."

ತೆಗೆದಳು. ಹೇಳಿದಳು. ಎಲ್ಲವನ್ನೂ ಕೇಳಿ ಅತ್ತೆ ಬೈಯಲಿಲ್ಲ, ಟವೆಲ್ ತೆಗೆದುಕೊಂಡು ಅವಳ ಮುಖ ಒರೆಸಿದರು. ಅವರು ಬೈಯದಿರುವುದು ಎಂದರೆ ಅದೇ ಒಂದು ಗಾಬರಿ.

"ಒಬ್ಬಳೇ ಹೋಗ್ತೀಯಾ, ನಾನೂ ಬರ್ಲಾ?"

"ನೀವು ಬಂದು ಏನ್ಮಾಡ್ತೀರಿ ಅತ್ತೆ?"

"ಏನೂ ಇಲ್ಲ. ಗೇಟಲ್ಲಿ ಕೂತಿರ್ತೀನಿ. ಕಳಿಸಿಬಿಟ್ರೆ ನೀನು ಒಬ್ಳೇ ನಡ್ಕೊಂಡು ಬರ್ಬಾರ್ದು."

ಶುಕ್ರವಾರ ಒಂಬತ್ತಕ್ಕೆ ಅತ್ತೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು, ಟಿಕ್ಕಮ್ಮ ಮಹಡಿ ಮೆಟ್ಟಿಲು ಹತ್ತಿದಳು. ಆಫೀಸರ್ ರೂಮಿನಲ್ಲಿ ಫ್ಯಾನಿನ ಕೆಳಗೆ ಕಾಗದಗಳು ಪಟಪಟ ಹಾರಲು ನೋಡುತ್ತಿದ್ದವು. ಮೇಲಿನ ಕಾಗದದಲ್ಲಿ ಅವಳ ಹೆಸರು, ಯಾರೂ ಕರೆಯದ ಆ ಹೆಸರು, ಕೆಂಪಕ್ಷರದಲ್ಲಿ. ಲೈನ್ ಮೇಡಂ ಗೋಡೆಗೆ ಒರಗಿ ನಿಂತಿದ್ದರು.

"ಯಾರಮ್ಮ ಹೇಳಿಕೊಟ್ಟಿದ್ದು?" ಎಂದರು ಆಫೀಸರ್. "ಹೆಸರು ಹೇಳು, ನಿನ್ನ ವಿಷಯ ಸ್ವಲ್ಪ ಹಗುರ ಆಗುತ್ತೆ."

"ಯಾರೂ ಇಲ್ಲ ಸಾರ್. ವರ್ಷನ್ ನೋಡೋಕೆ ಹೋಗಿದ್ದೆ. ನಾನೇ ಒತ್ತಿದೆ."

"ವರ್ಷನ್ ಕಣ್ಣಲ್ಲಿ ನೋಡ್ತಾರೆ, ಒತ್ತೋದು ಯಾಕೆ? ಅದೂ ಏಳು ಸಲ ಒತ್ತಬೇಕು ಅದನ್ನ. ತಿಳ್ಕೊಂಡೋರಿಗೆ ಮಾತ್ರ ಗೊತ್ತಿರುತ್ತೆ."

"ಏಳಲ್ಲ ಸಾರ್, ಹತ್ತು."

"ತಮಾಷೆ ಮಾಡ್ತಿದೀಯಾ?"

"ಇಲ್ಲ ಸಾರ್..."

ಆಫೀಸರ್ ಅವಳ ಫೋನು ತೆಗೆದುಕೊಂಡು ಸೆಟ್ಟಿಂಗ್ಸ್‌ನಲ್ಲಿ ಎಲ್ಲೆಲ್ಲೋ ಹೋಗಿ ಒಂದು ಪುಟ ತೆರೆದು ಅವಳ ಮುಂದಿಟ್ಟರು. ಡೆವಲಪರ್ ಆಯ್ಕೆಗಳು. ಪಕ್ಕದಲ್ಲಿ ಒಂದು ಸಣ್ಣ ಗುಂಡಿ, ಆನ್. "ಇದನ್ನ ಆಫ್ ಮಾಡು. ನೀನೇ ಮಾಡು, ಆಮೇಲೆ ಮಾತಾಡೋಣ."

ಟಿಕ್ಕಮ್ಮ ಬೆರಳು ಚಾಚಿದಳು. ಆಫ್, ಆನ್, ಆಫ್, ಆನ್, ಆಫ್, ಆನ್, ನಡುವೆ ಫೋನು ಏನೋ ಎಚ್ಚರಿಕೆ ಕೊಡಲು ಬಂದರೆ ಅದನ್ನೂ ಒರೆಸಿಹಾಕಿ ಆಫ್, ಆನ್, ಆಫ್, ಆನ್. ನಿಂತಳು. ಗುಂಡಿ ಆನ್‌ನಲ್ಲೇ ಇತ್ತು.

ಆಫೀಸರ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ನನ್ನ ಕಣ್ಣೆದುರಿಗೇ ಮತ್ತೆ ಆನ್ ಮಾಡ್ತೀಯಾ! ಎಷ್ಟು ಧೈರ್ಯ ನಿಂಗೆ!"

ಧೈರ್ಯವೇ! ಟಿಕ್ಕಮ್ಮನಿಗೆ ಜೀವ ಬಾಯಿಗೆ ಬಂದಿತ್ತು. ಹೊರಗೆ ಕಟ್ಟೆಯ ಮೇಲೆ ಕೂತ ಅತ್ತೆಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಸಾರ್, ಒಂದ್ನಿಮಿಷ," ಎಂದರು ಲೈನ್ ಮೇಡಂ. ಅವರು ಗೋಡೆ ಬಿಟ್ಟು ಮುಂದೆ ಬಂದಿದ್ದರು, ಅವರ ಮುಖದ ಬಣ್ಣವೇ ಬೇರೆಯಾಗಿತ್ತು. "ನೀವು ಎಣಿಸಿದ್ರಾ?"

"ಏನನ್ನ?"

"ಹತ್ತು ಸಲ ಒತ್ತಿದ್ಲು. ಸರಿಯಾಗಿ ಹತ್ತು. ಆನ್ ಇರೋದನ್ನ ಹತ್ತು ಸಲ ಒತ್ತಿದ್ರೆ ಮತ್ತೆ ಆನ್‌ಗೇ ಬರುತ್ತೆ ಸಾರ್. ಇವಳು ಬೇಕು ಅಂತ ಮಾಡ್ತಿಲ್ಲ. ನಾವೇ ಹನ್ನೊಂದು ವರ್ಷದಿಂದ ಮಾಡಿಸ್ತಿರೋದು!"

ಆಫೀಸರ್ ಟಿಕ್ಕಮ್ಮನ ಬೆರಳನ್ನು ನೋಡಿದರು, ಬಹುಶಃ ಮೊದಲ ಸಲ. ಮೇಜಿನ ಮೇಲಿದ್ದ ಕ್ಯಾಲ್ಕುಲೇಟರನ್ನು ಮುಂದೆ ತಳ್ಳಿ, "ಐದು ಒತ್ತು" ಎಂದರು. ಪರದೆಯ ಮೇಲೆ ಹತ್ತು ಐದುಗಳು ಸಾಲಾಗಿ ನಿಂತವು. ಅವರು ನಗಲಿಲ್ಲ. ಹಣೆ ಉಜ್ಜಿಕೊಂಡರು.

"ಈಗ ಫೋನಿನ ಗುಂಡೀನ ಒಂದೇ ಸಲ ಒತ್ತಮ್ಮ."

ಒಂದೇ ಸಲ! ಅವಳು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು, ಬಿಟ್ಟಳು, ಮತ್ತೆ ಹಿಡಿದುಕೊಂಡಳು. ಹಣೆಯಿಂದ ಬೆವರು ಇಳಿಯಿತು. ಕೊನೆಗೆ ಬಲಗೈಯನ್ನು ಬೆನ್ನ ಹಿಂದೆ ಇಟ್ಟು, ಏನೂ ಕಲಿಯದ ಎಡಗೈಯ ಕಿರುಬೆರಳಿನಿಂದ ಮುಟ್ಟಿದಳು. ಆಫ್. ಕೈಯನ್ನು ಬಿಸಿ ಪಾತ್ರೆಯಿಂದ ಎಳೆದ ಹಾಗೆ ಎಳೆದುಕೊಂಡಳು.

"ಕೆಲಸಕ್ಕೆ ಹೋಗು," ಎಂದರು ಆಫೀಸರ್. "ಆದ್ರೆ ಕೇಳು. ಈ ರಿಪೋರ್ಟು ಮೇಲಿನ ಆಫೀಸಿಗೆ ಹೋಗಿಬಿಟ್ಟಿದೆ, ಅದನ್ನ ಅಳಿಸೋಕೆ ನನ್ನಿಂದ ಆಗಲ್ಲ. ಗೊತ್ತಿಲ್ದೆ ಆಗಿದ್ದು ಅಂತ ನಾನು ಬರೆದು ಕಳಿಸ್ತೀನಿ. ಮೂವತ್ತು ದಿನ ನಿನ್ನ ಹಾಜರಿ ಗೇಟಿನ ಪುಸ್ತಕದಲ್ಲಿ. ಆ್ಯಪ್ ನಿನ್ನ ಫೋನಲ್ಲೇ ಇರುತ್ತೆ, ಅಷ್ಟರೊಳಗೆ ಅದು ಇನ್ನೊಂದು ಸಲ ಕೆಂಪಾದ್ರೆ ನನ್ನ ಕೈಲಿ ಏನೂ ಇಲ್ಲ."

ಹೀಗೆ ಕೆಲಸವೇನೋ ಉಳಿಯಿತು. ಆದರೆ ಟಿಕ್ಕಮ್ಮ ಈಗ ಫೋನನ್ನು ಮುಟ್ಟುವುದೇ ಇಲ್ಲ. ನಾದಿನಿಯ ಕಾಲ್ ಬಂದರೆ ಅತ್ತೆ ಎತ್ತಿ ಇವಳ ಕಿವಿಗೆ ಹಿಡಿಯುತ್ತಾರೆ, ಮಾತು ಮುಗಿದ ಮೇಲೆ ಅತ್ತೆಯೇ ಕಟ್ ಮಾಡುತ್ತಾರೆ, ಆ ನೆಪದಲ್ಲಿ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ದಿನಾ ಬೆಳಗ್ಗೆ ಗೇಟಿನ ಪುಸ್ತಕದಲ್ಲಿ ಸಹಿ ಹಾಕುವಾಗ ಅವಳು ಮೇಲಿನ ಕಿಟಕಿಯತ್ತ ಒಮ್ಮೆ ನೋಡುತ್ತಾಳೆ, ಯಾರಾದರೂ ಕರೆಯುತ್ತಾರೇನೋ ಎಂದು.

ಹನ್ನೆರಡನೇ ದಿನ ಬೆಳಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಮೇಜಿನ ಮೇಲಿನ ಫೋನು ತಾನಾಗಿಯೇ ಬೆಳಗಿತು. ಬಗ್ಗಿ ಓದಿದಳು. ಬಾಚಣಿಗೆ ಕೈಯಿಂದ ಬಿತ್ತು.

"ಅತ್ತೇ! ಮುಟ್ಬೇಡಿ! ಯಾರೂ ಮುಟ್ಬೇಡಿ!"

ಅತ್ತೆ ಅಡುಗೆಮನೆಯಿಂದ ಓಡಿಬಂದರು. "ಏನಂತೆ ಅದಕ್ಕೆ?"

"ಹನ್ನೆರಡು ಆಗ್ಬೇಕಂತೆ ಅತ್ತೆ. ಹೊಸ ಆವೃತ್ತಿ ಬಂದಿದೆ, ಹಾಕ್ಲಾ ಅಂತ ಕೇಳ್ತಿದೆ."

"ನಿನ್ನನ್ನ ಯಾಕೆ ಕೇಳುತ್ತೆ? ಬೇರೆ ಯಾರೂ ಸಿಗ್ಲಿಲ್ವಾ ಅದಕ್ಕೆ?"

ಇಬ್ಬರೂ ಎರಡು ಹೆಜ್ಜೆ ದೂರ ನಿಂತು, ಪರದೆ ಆರುವವರೆಗೂ ಅದನ್ನೇ ನೋಡಿದರು. ಆರಿತು. ಅತ್ತೆ ಒಂದು ಮಸಿಬಟ್ಟೆಯಲ್ಲಿ ಹಿಡಿದು ಅದನ್ನು ಬೋರಲಾಗಿ ಮಲಗಿಸಿದರು. ಟಿಕ್ಕಮ್ಮ ಅರ್ಧ ಬಾಚಿದ ತಲೆಯಲ್ಲೇ ಚೀಲ ಎತ್ತಿಕೊಂಡು ಫ್ಯಾಕ್ಟರಿಗೆ ಹೊರಟಳು. ಇನ್ನು ಹದಿನೆಂಟು ದಿನ ಇತ್ತು.